ಹತ್ತು ದಿವಸಗಳ ಪರೀಕ್ಷೆ

ಆಧಾರ: ದಾನಿಯೇಲನ ಗ್ರಂಥ, 1ನೆಯ ಅಧ್ಯಾಯ



ಬಾಬೆಲಿನ ಅರಮನೆಗೆ ಒಯ್ಯಲ್ಪಟ್ಟ ನಾಲ್ವರು ಯೌವನಸ್ಥರ ಕಥೆಯನ್ನು ನಾವೆಲ್ಲರೂ ಬಲ್ಲೆವು. ಅರಸನ ಭೋಜನವು ತಮಗೆ ಬೇಡವೆಂದು ದಾನಿಯೇಲನು ಹೇಳಿದಾಗ, ಹುಡುಗರ ಮುಖ ಬಾಡಿದರೆ ತನ್ನ ತಲೆಗೆ ಅಪಾಯವೆಂದು ಅಧಿಕಾರಿಯು ಭಯಪಟ್ಟನು. ದಾನಿಯೇಲನು ಜಗಳವಾಡಲಿಲ್ಲ. ಹತ್ತು ದಿವಸಗಳ ವರೆಗೆ ತಮಗೆ ಕಾಯಿಪಲ್ಯವನ್ನೂ ನೀರನ್ನೂ ಕೊಟ್ಟು, ಆ ಮೇಲೆ ತಮ್ಮ ಮುಖಗಳನ್ನು ಇತರ ಹುಡುಗರ ಮುಖಗಳೊಂದಿಗೆ ಹೋಲಿಸಿ ನೋಡಬೇಕೆಂದು ಬೇಡಿಕೊಂಡನು. ನಂಬಿಕೆಯುಳ್ಳವನು ಪರೀಕ್ಷೆಗೆ ಹೆದರುವದಿಲ್ಲ.

ಕಳೆದ ಮಳೆಗಾಲದಲ್ಲಿ ನಾವು ಒಂದು ಹಳ್ಳಿಯ ಸಭೆಯವರ ಮನೆಯಲ್ಲಿ ತಂಗಿದ್ದೆವು. ಮುಂಜಾನೆಯ ಪ್ರಾರ್ಥನೆಯ ವೇಳೆಯಲ್ಲಿ ಹದಿಮೂರು ವರುಷದ ಮಗನು ಗೋಡೆಗೆ ಒರಗಿ ನಿದ್ರೆಹೋದನು. “ಅಯ್ಯನವರೇ, ಮೊಬೈಲಿನ ಕಿರಣವು ಇವನ ಮೆದುಳನ್ನು ತಿನ್ನುತ್ತಾ ಇದೆ” ಎಂದು ತಾಯಿಯು ಅತ್ತಳು. “ಅದೆಲ್ಲಾ ಗಾಳಿಮಾತು” ಎಂದು ತಂದೆಯು ಗದರಿಸಿದನು. ಇಬ್ಬರೂ ನಮ್ಮ ಮುಖವನ್ನು ನೋಡಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ತಿಳಿಯದೆ ತೀರ್ಪು ಹೇಳುವದಕ್ಕೆ ನಾಚಿ, ವಿಚಾರಿಸಿ ತಿಳಿಸುವೆವೆಂದು ಮಾತುಕೊಟ್ಟು ಬಂದೆವು.

ವಿಚಾರಿಸಲಾಗಿ ತಿಳಿದದ್ದೇನಂದರೆ: 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು ಫೋನಿನಿಂದ ಹೊರಡುವ ರೇಡಿಯೋ ಅಲೆಗಳನ್ನು, ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯುಳ್ಳವುಗಳ ವರ್ಗದಲ್ಲಿ ಸೇರಿಸಿತು. ಅಪರಾಧವು ಸ್ಥಾಪಿತವಾಯಿತೆಂದಲ್ಲ; ಸಾಕ್ಷಿ ಸಾಲದು, ಆದರೂ ಸಂಶಯವನ್ನು ತಳ್ಳಿಬಿಡಕೂಡದು ಎಂಬದೇ ಅದರ ಅರ್ಥ. ತರುವಾಯ ನಮ್ಮ ಭಾರತವೂ ಕೂಡಿದ 14 ದೇಶಗಳ ಪಂಡಿತರು 10ರಿಂದ 24 ವರುಷದೊಳಗಿನವರನ್ನು ಪರೀಕ್ಷಿಸಿದರು. ಮೆದುಳಿನಲ್ಲಿ ಗೆಡ್ಡೆ ಬೆಳೆದ ಸುಮಾರು 900 ಮಂದಿಯನ್ನು ಆ ರೋಗವಿಲ್ಲದ ಸುಮಾರು 1,900 ಮಂದಿಯೊಂದಿಗೆ ಹೋಲಿಸಿದರು. ಫೋನಿನ ಬಳಕೆಯಿಂದ ಗೆಡ್ಡೆ ಬೆಳೆಯುತ್ತದೆಂಬದಕ್ಕೆ ಆಧಾರ ಸಿಕ್ಕಲಿಲ್ಲವೆಂದು 2022ರಲ್ಲಿ ಪ್ರಕಟಿಸಿದರು.

ಹಾಗಾದರೆ ಆ ತಾಯಿಯ ಕಣ್ಣೀರು ವ್ಯರ್ಥವೋ? ಅಲ್ಲ. 2014ರಲ್ಲಿ ಲಂಡನ್ ಪಟ್ಟಣದ ಇಂಪೀರಿಯಲ್ ಕಾಲೇಜಿನವರು ಶಾಲೆಯ ಮಕ್ಕಳ ಜ್ಞಾಪಕಶಕ್ತಿ, ಗಮನ ಮುಂತಾದವುಗಳನ್ನು ಫೋನಿನ ಬಳಕೆಯೊಂದಿಗೆ ತೂಗಿನೋಡುವ ದೊಡ್ಡ ಸಂಶೋಧನೆಯನ್ನು ಆರಂಭಿಸಿದರು. ಅದರಲ್ಲಿ 11, 12 ವರುಷದ 6,600ಕ್ಕೂ ಹೆಚ್ಚು ಮಕ್ಕಳ ಉತ್ತರಗಳನ್ನು ಪರಿಶೀಲಿಸಿ 2019ರಲ್ಲಿ ಒಂದು ಸಂಗತಿಯನ್ನು ತಿಳಿಸಿದರು: ಮಲಗುವದಕ್ಕೆ ಮುಂಚೆ, ವಿಶೇಷವಾಗಿ ದೀಪ ಆರಿಸಿದ ಕೋಣೆಯಲ್ಲಿ, ಫೋನು ನೋಡುವ ಮಕ್ಕಳ ನಿದ್ರೆಯು ನೋಡದವರ ನಿದ್ರೆಗಿಂತ ಕೆಟ್ಟದ್ದಾಗಿತ್ತು. ಜೊತೆಯಾಗಿ ಕಂಡದ್ದೆಲ್ಲಾ ಕಾರಣವೆಂದು ಹೇಳಕೂಡದು. ನಿದ್ರೆ ಬಾರದವನು ಫೋನನ್ನು ಹಿಡಿಯುವದೂ ಉಂಟು. ಆದರೂ ಬೆಳೆಯುವ ಮೆದುಳಿಗೆ ನಿದ್ರೆಯು ಪೈರಿಗೆ ನೀರಿನಂತೆ ಅವಶ್ಯವೆಂಬದರಲ್ಲಿ ಸಂದೇಹವಿಲ್ಲ.

ನೋಡಿರಿ, ನಾವು ಹಿತ್ತಲಿನ ಬೇಲಿಯನ್ನು ಕಾಯುತ್ತಿರುವಾಗ ಕಳ್ಳನು ಮುಂಬಾಗಿಲಿನಿಂದ ಬಂದನು! ಕಿರಣಕ್ಕೆ ಹೆದರಿದೆವು, ರಾತ್ರಿಯು ಕಳವಾಗುವದನ್ನು ಕಾಣಲಿಲ್ಲ.

ತಾಯಂದಿರೇ, ಪರೀಕ್ಷಿಸದ ಸುದ್ದಿಯನ್ನು ಮನೆಯಿಂದ ಮನೆಗೆ ಹಬ್ಬಿಸಬೇಡಿರಿ. ಅದೂ ಸುಳ್ಳುಸಾಕ್ಷಿಗೆ ಸಮೀಪವಾದದ್ದು. ತಂದೆಗಳೇ, ಗಾಳಿಮಾತೆಂದು ನಕ್ಕು ಮಗನ ಬಾಡಿದ ಮುಖವನ್ನು ನೋಡದೆ ಇರಬೇಡಿರಿ. ಯೌವನಸ್ಥರೇ, ನಿದ್ರೆಯು ದೇವರು ಕೊಟ್ಟ ವರವಾಗಿರಲಾಗಿ ಅದನ್ನು ಹೊದಿಕೆಯ ಕೆಳಗಿನ ಬೆಳಕಿಗೆ ಮಾರಿಬಿಡಬೇಡಿರಿ.

ನಾವು ಆ ಮನೆಗೆ ತಿರಿಗಿ ಹೋಗಿ ಇದನ್ನೆಲ್ಲಾ ತಿಳಿಸಿ, ಹತ್ತು ರಾತ್ರಿ ಮನೆಯ ಫೋನುಗಳೆಲ್ಲಾ ನಡುಮನೆಯ ಗೂಡಿನಲ್ಲಿರಲಿ ಎಂದೆವು. “ಅಪ್ಪನದೂ ಇಡಬೇಕೋ?” ಎಂದು ಹುಡುಗನು ಕೇಳಿದನು. ತಂದೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ತನ್ನ ತಲೆದಿಂಬಿನ ಕೆಳಗಿದ್ದ ಫೋನನ್ನು ತಂದು ಎಲ್ಲರಿಗಿಂತ ಮೊದಲು ಗೂಡಿನಲ್ಲಿಟ್ಟನು.

ಪ್ರಿಯರೇ, ನಮ್ಮ ಮನೆಗಳಲ್ಲಿಯೂ ಹಾಗೆಯೇ ಮಾಡೋಣ. ಹಿರಿಯರು ಮೊದಲು ಇಡಲಿ. ಹನ್ನೊಂದನೆಯ ಮುಂಜಾನೆ ಪ್ರಾರ್ಥನೆಗೆ ಕೂಡಿದಾಗ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳೋಣ. ಸತ್ಯವನ್ನು ತಾಳ್ಮೆಯಿಂದ ಹುಡುಕುವ ಮನಸ್ಸನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.