ಗೊತ್ತಿರುವುದನ್ನೇ ಹೇಳುವ ಹಾಡು

ಹಸಿದವನಿಗೆ ಹಸಿವಿನ ಹಾಡು ಹೊಸದಾಗಿ ಏನು ಕಲಿಸೀತು? ಹಿಪ್‌ಹಾಪ್ ಬಗ್ಗೆ ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

1973ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಸಂಗೀತ ನುಡಿಸಿದ ಒಂದು ಪಾರ್ಟಿಯಿಂದ ಈ ಸಂಸ್ಕೃತಿಯ ಕಥೆಯನ್ನು ಶುರು ಮಾಡುವುದು ರೂಢಿ. ಅಲ್ಲಿದ್ದದ್ದು ಕುಣಿತದ ಸಂಭ್ರಮ. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್ ತಂಡದ ‘ದ ಮೆಸೇಜ್’ ಬಂದಾಗ ಬಡವರ ಬೀದಿ, ಸಾಲ, ಜೈಲು ಎಲ್ಲವೂ ಹಾಡಿನೊಳಗೆ ಬಂದವು. ಆದರೆ ಬ್ರಾಂಕ್ಸ್‌ನ ಕಪ್ಪು ಹುಡುಗನಿಗೆ ಇದೇನು ಸುದ್ದಿಯೇ? ಅವನು ಬದುಕುತ್ತಿದ್ದುದೇ ಅದನ್ನು.

ಅರಿವು ಮತ್ತು ಮಾಹಿತಿ ಒಂದೇ ಅಲ್ಲ. ತನ್ನ ಬಡತನಕ್ಕೆ ತಾನೇ ಕಾರಣ ಎಂದು ಒಳಗೊಳಗೇ ನಾಚುವವನಿಗೆ, ಇದು ಇಡೀ ಬೀದಿಯ ಪಾಡು ಎಂದು ಹಾಡಿನಲ್ಲಿ ಕೇಳಿಸಿದರೆ, ನಾಚಿಕೆ ಹೋಗಿ ‘ಯಾಕೆ ಹೀಗೆ?’ ಎಂಬ ಪ್ರಶ್ನೆ ಹುಟ್ಟುತ್ತದೆ. 2015ರಲ್ಲಿ ಪೊಲೀಸ್ ದೌರ್ಜನ್ಯದ ವಿರುದ್ಧ ಬೀದಿಗಿಳಿದವರು ಕೆಂಡ್ರಿಕ್ ಲಮಾರ್ ಅವರ ‘ಆಲ್‌ರೈಟ್’ ಹಾಡಿನ ಪಲ್ಲವಿಯನ್ನು ಒಟ್ಟಾಗಿ ಕೂಗಿದರು. ಒಬ್ಬೊಬ್ಬರ ಭಯ ಅಲ್ಲಿ ಎಲ್ಲರದ್ದಾಯಿತು.

ಹಾಗೆಂದು ಹಿಪ್‌ಹಾಪನ್ನು ಹೊಗಳಿ ಕೈತೊಳೆದುಕೊಳ್ಳಲಾಗದು. ಹೆಣ್ಣನ್ನು ಹೀಗಳೆಯುವ ಹಾಡುಗಳೂ ಇಲ್ಲಿಂದಲೇ ಬಂದವು. 1993ರಲ್ಲಿ ಕ್ವೀನ್ ಲತೀಫಾ ‘ಯುನಿಟಿ’ ಹಾಡಿನಲ್ಲಿ ಆ ಬೈಗುಳಗಳಿಗೆ ತಮ್ಮವರಿಂದಲೇ ಜವಾಬು ಕೇಳಿದರು. ವ್ಯವಸ್ಥೆಯತ್ತ ಬೆರಳು ತೋರುವುದಕ್ಕಿಂತ ಇದು ಕಷ್ಟದ ಕೆಲಸ. ಇಲ್ಲಿ ಎದುರಿರುವವರು ಶತ್ರುಗಳಲ್ಲ, ಅಣ್ಣತಮ್ಮಂದಿರು.

ಹಾಡು ಕಾನೂನನ್ನು ಬದಲಿಸುವುದಿಲ್ಲ, ಬಾಡಿಗೆ ಕಟ್ಟುವುದಿಲ್ಲ. ಆದರೆ ಅನ್ಯಾಯವನ್ನು ಹಣೆಬರಹ ಎಂದುಕೊಂಡು ಸುಮ್ಮನಿರಲು ಅದು ಬಿಡುವುದಿಲ್ಲ. ಉಳಿದದ್ದನ್ನು ಕೇಳಿದವರು ಮಾಡಬೇಕು.