ಕೋಲು ಕಳಚದ ಮಂಜೂಷ

ಮುಂಬಯಿಯಲ್ಲಿ ಸತ್ತವರಿಗೂ ಕಾಯಂ ವಿಳಾಸವಿಲ್ಲ. ಜಾಗದ ಅಭಾವದಿಂದ ಇಲ್ಲಿನ ಬಹಳಷ್ಟು ಇಗರ್ಜಿಗಳ ಸಿಮೆಟ್ರಿಗಳಲ್ಲಿ ಒಂದು ಸಮಾಧಿಗೆ ಸಿಗುವುದು ಹೆಚ್ಚುಕಡಿಮೆ ಎರಡು ವರ್ಷ. ಆಮೇಲೆ ಅಗೆದು ತೆರೆಯುತ್ತಾರೆ. ಉಳಿದ ಎಲುಬುಗಳನ್ನು ಮನೆಯವರು ಬಯಸಿದರೆ ಗೋಡೆಯೊಳಗಿನ ಚೌಕ ಗೂಡಿನಲ್ಲಿ, ಇಲ್ಲಿಯವರು ‘ನಿಶ್’ ಎನ್ನುವುದರಲ್ಲಿ, ಇಟ್ಟು ಮುಂದೆ ಅಮೃತಶಿಲೆಯ ಫಲಕ ಕೂರಿಸುತ್ತಾರೆ. ಇಲ್ಲದಿದ್ದರೆ ಅವು ಎಲ್ಲರ ಎಲುಬುಗಳು ಸೇರುವ ಗುಂಡಿಗೆ ಹೋಗುತ್ತವೆ. ಖಾಲಿಯಾದ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ.

ನವೆಂಬರ್ 2 ಮೃತರ ಸ್ಮರಣೆಯ ದಿನ. ಅಂದು ಸಂಜೆ ಸಮಾಧಿಗಳ ಮೇಲೆಲ್ಲ ಚೆಂಡುಹೂವು, ಮೇಣದ ಬತ್ತಿ. ಪಾದ್ರಿಗಳು ತೀರ್ಥ ಚಿಮುಕಿಸುತ್ತ ಸಾಲುಸಾಲಾಗಿ ಹೋಗುತ್ತಾರೆ. ಗೋರೆಗಾಂವ್‌ನಲ್ಲಿ ನಾನು ಭಾನುವಾರದ ಧರ್ಮೋಪದೇಶ ಹೇಳಿಕೊಡುವ ಮಕ್ಕಳಲ್ಲಿ ಒಬ್ಬಳು ಅಂಥದೊಂದು ಸಂಜೆ ಅಜ್ಜಿಯ ಸಮಾಧಿಯ ಪಕ್ಕ ನಿಂತು ಕೇಳಿದಳು: “ಟೀಚರ್, ಅಜ್ಜಿನ ಇಲ್ಲಿಂದ ಯಾವಾಗ ಶಿಫ್ಟ್ ಮಾಡ್ತಾರೆ?” ದನಿಯಲ್ಲಿ ದುಃಖವಿರಲಿಲ್ಲ, ಭಯವೂ ಇರಲಿಲ್ಲ. ಈ ಊರಿನ ಮಕ್ಕಳಿಗೆ ಶಿಫ್ಟ್ ಆಗುವುದು ಹೊಸದಲ್ಲ. ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗುತ್ತದೆ, ಮನೆಯವರು ಸಾಮಾನು ಕಟ್ಟಿ ಬಾಡಿಗೆ ಮನೆ ಸೇರುತ್ತಾರೆ, ಹಳೆಯದು ಬಿದ್ದ ಜಾಗದಲ್ಲಿ ಟವರ್ ಏಳುತ್ತದೆ. ಅಜ್ಜಿಗೂ ಹಾಗೆಯೇ ಎಂದು ಅವಳು ತಿಳಿದಿದ್ದಳು. ಹೌದಮ್ಮ, ಮಾಡ್ತಾರೆ, ಆದರೆ ದೇವರಿಗೆ ಅಜ್ಜಿಯ ಹೆಸರು ಗೊತ್ತು, ಎಲ್ಲಿದ್ದರೂ ಕರೀತಾನೆ ಎಂದೆ. ಅವಳಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ.

ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವ ವಿಶ್ವಾಸ ಸಂಗ್ರಹದ ಕೊನೆಯಲ್ಲಿ ಶರೀರದ ಪುನರುತ್ಥಾನವನ್ನು ನಂಬುತ್ತೇವೆ ಎಂದಿದೆ. ಆತ್ಮ ಅಮರ ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ನಮ್ಮ ನಾಡಿನ ಕಿವಿಗೆ ಅದು ಹೆಚ್ಚು ಸಲೀಸಾಗಿ ಕೇಳಿಸುತ್ತಿತ್ತು. ಧರ್ಮಸಭೆ ಹಾಗೆ ಮಾಡಲಿಲ್ಲ. ಕೊಳೆತು ಹೋಗುವ ಈ ಮೈಯನ್ನೇ ಹಿಡಿದುಕೊಂಡು ಕೂತಿತು. ಹೆಣ ಸುಡುವುದಕ್ಕೆ ರೋಮ್ ಒಪ್ಪಿಗೆ ಕೊಟ್ಟದ್ದೇ 1963ರಲ್ಲಿ. 2016ರಲ್ಲಿ ಮತ್ತೊಂದು ಸೂಚನೆ ಬಂತು: ಬೂದಿಯನ್ನು ಗಾಳಿಗೋ ನೀರಿಗೋ ಬಿಡಬಾರದು, ಪವಿತ್ರ ಜಾಗದಲ್ಲಿ ಇಡಬೇಕು. ಅಷ್ಟು ಅಸ್ಥಿರವಾದದ್ದರ ಮೇಲೆ ಇಷ್ಟು ಅಕ್ಕರೆ ಏಕೆ ಎಂಬುದು ಮಕ್ಕಳ ಪಾಠದಲ್ಲಿ ಇಲ್ಲ. ಆದರೆ ಆ ಪ್ರಶ್ನೆಯನ್ನು ದಾಟಿದವನಿಗೇ ಉಳಿದ ಪಾಠಗಳು ತೆರೆದುಕೊಳ್ಳುತ್ತವೆ ಎಂದು ಈಗ ಅನಿಸುತ್ತಿದೆ.

ಬೈಬಲಿನ ಆದಿಕಾಂಡ ಮನುಷ್ಯನನ್ನು ಮಣ್ಣಿನಿಂದ ಶುರುಮಾಡುತ್ತದೆ. ವಿಭೂತಿ ಬುಧವಾರ ಪಾದ್ರಿ ಹಣೆಗೆ ಬೂದಿ ಹಚ್ಚಿ ಆ ಮಣ್ಣನ್ನೇ ನೆನಪಿಸುತ್ತಾರೆ. ಆ ಬೂದಿ ಎಲ್ಲಿಂದ ಬಂತು ಎಂದು ಮಕ್ಕಳನ್ನು ಕೇಳಿ ನೋಡಿ, ಬಹಳ ಮಂದಿಗೆ ತಿಳಿದಿರುವುದಿಲ್ಲ. ಹಿಂದಿನ ವರ್ಷದ ಗರಿಗಳ ಭಾನುವಾರ ನಾವು ಕೈಯಲ್ಲಿ ಹಿಡಿದು ಮೆರವಣಿಗೆ ಮಾಡಿದ ಗರಿಗಳು ಅವು. ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತೇವೆ. ವರ್ಷವಿಡೀ ಅಲ್ಲೇ ಒಣಗಿ, ಮಡಿಕೆಗಳಲ್ಲಿ ಧೂಳು ಕೂತು, ಮುಟ್ಟಿದರೆ ಪುಡಿಯಾಗುವಂತಾಗುತ್ತವೆ. ತಪಸ್ಸುಕಾಲದ ಮುಂಚೆ ಇಗರ್ಜಿಗೆ ಮರಳಿಸಿದರೆ ಸುಟ್ಟು ಬೂದಿ ಮಾಡುತ್ತಾರೆ. ಯೇಸುವನ್ನು ರಾಜನೆಂದು ಸ್ವಾಗತಿಸಿದ ಹಸಿರು ಒಂದು ವರ್ಷದೊಳಗೆ ನಮ್ಮ ಹಣೆಯ ಕಪ್ಪು. ಸಂಜೆ ಸ್ನಾನ ಮಾಡಿದರೆ ಅದೂ ಹೋಯಿತು. ಸಾವಿನ ಬಗ್ಗೆ ಇಷ್ಟು ಸರಳವಾಗಿ, ಇಷ್ಟು ನೇರವಾಗಿ ಮಗುವಿಗೆ ಹೇಳುವ ಇನ್ನೊಂದು ಪಾಠ ನನಗೆ ಗೊತ್ತಿಲ್ಲ.

ವಿಮೋಚನಾಕಾಂಡಕ್ಕೆ ಬಂದರೆ ಮಕ್ಕಳಿಗೆ ಇಷ್ಟವಾಗುವುದು ಸಮುದ್ರ ಇಬ್ಭಾಗವಾದದ್ದು. ನನಗೆ ಅದಕ್ಕಿಂತ ಮನ್ನಾ ಇಷ್ಟ. ಮರುಭೂಮಿಯಲ್ಲಿ ದಿನದಿನವೂ ಬೀಳುವ ಆಹಾರ. ನಾಳೆಗೆಂದು ಎತ್ತಿಟ್ಟರೆ ಹುಳ ಬೀಳುತ್ತದೆ, ನಾರುತ್ತದೆ. ಸಬ್ಬತ್ ದಿನಕ್ಕೆಂದು ಹಿಂದಿನ ದಿನ ಇಟ್ಟುಕೊಂಡದ್ದು ಮಾತ್ರ ಕೆಡುವುದಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಕೇಳುವುದು ಆ ದಿನದ ಅನ್ನ, ವರ್ಷದ ದಾಸ್ತಾನಲ್ಲ.

ಅದೇ ಗ್ರಂಥದ 25ನೇ ಅಧ್ಯಾಯದಲ್ಲಿ ಒಡಂಬಡಿಕೆಯ ಮಂಜೂಷವನ್ನು ಹೇಗೆ ಮಾಡಬೇಕೆಂಬ ವಿವರವಿದೆ. ಜಾಲೀಮರದ ಪೆಟ್ಟಿಗೆ, ಒಳಗೂ ಹೊರಗೂ ಚಿನ್ನದ ತಗಡು, ನಾಲ್ಕು ಮೂಲೆಗೆ ನಾಲ್ಕು ಬಳೆ, ಬಳೆಗಳೊಳಗೆ ಹೊರುವ ಕೋಲು. ಅಲ್ಲಿ ಒಂದು ಕಟ್ಟಪ್ಪಣೆ ಬರುತ್ತದೆ: ಆ ಕೋಲುಗಳು ಬಳೆಗಳಲ್ಲೇ ಇರಬೇಕು, ಕಳಚಕೂಡದು. ಇಳಿಸಿಟ್ಟಾಗಲೂ ಕೂಡದು. ಅಷ್ಟು ಚಿನ್ನ ಹೊದ್ದ ಪೆಟ್ಟಿಗೆ ಯಾವ ಕ್ಷಣದಲ್ಲೂ ಹೆಗಲೇರಲು ಸಿದ್ಧವಾಗಿರಬೇಕು. ಆಮೇಲೆ ಆ ಪೆಟ್ಟಿಗೆಯನ್ನು ಇಡಲು ಸೊಲೊಮೋನ ದೇವಾಲಯ ಕಟ್ಟಿದ. ಅದನ್ನು ಬಾಬಿಲೋನಿಯದವರು ಕೆಡವಿದರು. ಮತ್ತೆ ಕಟ್ಟಿದ್ದು ಕ್ರಿ.ಶ. 70ರಲ್ಲಿ ರೋಮನರ ಕೈಯಲ್ಲಿ ಬಿತ್ತು. ಅದರ ಕಲ್ಲುಗಳ ಅಂದವನ್ನು ಶಿಷ್ಯರು ಕೊಂಡಾಡಿದಾಗ ಯೇಸು, ಇವುಗಳಲ್ಲಿ ಒಂದೂ ಇನ್ನೊಂದರ ಮೇಲೆ ನಿಲ್ಲದು ಎಂಬರ್ಥದ ಮಾತು ಹೇಳಿದ್ದರು. ಸ್ಥಾವರ ಜಂಗಮಗಳ ಮಾತು ಕೇಳಿ ಬೆಳೆದ ಕನ್ನಡದ ಓದುಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಎಲ್ಲವೂ ನಶ್ವರ ಎಂಬ ಮಾತು ಸೂರು ಕಳೆದುಕೊಂಡವನ ಬಾಯಿ ಮುಚ್ಚಿಸುವ ಮಾತಾಗಬಾರದು. ಗೋರೆಗಾಂವ್‌ನ ಸಿದ್ಧಾರ್ಥನಗರದ ಪತ್ರಾ ಚಾಳಿನ 672 ಕುಟುಂಬಗಳು 2008ರ ಪುನರ್ನಿರ್ಮಾಣದ ಒಪ್ಪಂದವನ್ನು ನಂಬಿ ಮನೆ ಬಿಟ್ಟವು, ಹತ್ತು ವರ್ಷ ಮೀರಿದರೂ ಕೀಲಿಕೈ ಕಾಣಲಿಲ್ಲ. ಕಾದು ಕಾದು ತೀರಿಕೊಂಡವರೂ ಇದ್ದರು. ಅವರ ಮುಂದೆ ನಿಂತು ಈ ಲೋಕ ನಮ್ಮ ಮನೆಯಲ್ಲ ಎನ್ನುವುದು ಧರ್ಮವಲ್ಲ. ಬೈಬಲಿನ ಪ್ರವಾದಿಗಳು ಹಾಗೆ ಮಾತಾಡಿದವರೇ ಅಲ್ಲ. ಉಳಿದವರಿಗೆ ನಿಲ್ಲಲು ನೆಲವಿಲ್ಲದಂತೆ ಮನೆ ಹೊಲ ಗುಡ್ಡೆಹಾಕಿಕೊಳ್ಳುವವರಿಗೆ ಯೆಶಾಯ ಶಾಪ ಹಾಕುತ್ತಾನೆ. ಬಡವನನ್ನು ಒಂದು ಜೊತೆ ಕೆರಕ್ಕೆ ಮಾರುವವರನ್ನು ಆಮೋಸ ಬಿಡುವುದಿಲ್ಲ. ಮನುಷ್ಯ ಹುಲ್ಲಿನಷ್ಟು ಅಲ್ಪಾಯು ಎಂದು ಬರೆದ ಅದೇ ಗ್ರಂಥ ಆ ಅಲ್ಪಾಯುವಿನ ಸೂರಿಗಾಗಿ ಸಿಟ್ಟಾಗುತ್ತದೆ. ಎರಡನ್ನೂ ಒಟ್ಟಿಗೆ ಕಲಿಸದೆ ಹೋದರೆ ನಾವು ಮಕ್ಕಳಿಗೆ ಅರ್ಧ ಪಾಠ ಹೇಳಿದಂತೆ.

ಗೋರೆಗಾಂವ್ ಪೂರ್ವದಲ್ಲಿ, ಆರೇ ರಸ್ತೆಯಲ್ಲಿ, ಸಂತ ಹತ್ತನೇ ಪಿಯುಸರ ಹೆಸರಿನ ಗುರುಮಠವಿದೆ. ಮುಂಬಯಿ ಮಹಾಧರ್ಮಪ್ರಾಂತದ ಪಾದ್ರಿಗಳಾಗುವವರು ತತ್ತ್ವಶಾಸ್ತ್ರ, ದೈವಶಾಸ್ತ್ರ ಓದುವುದು ಅಲ್ಲಿ. ಅದೇ ಆವರಣದಲ್ಲಿ 2011ರಿಂದ ಮಹಾಧರ್ಮಪ್ರಾಂತದ ಪರಂಪರೆಯ ವಸ್ತುಸಂಗ್ರಹಾಲಯವೂ ಇದೆ. ಹಳೆಯ ಇಗರ್ಜಿಗಳಿಂದ ಬಂದ ಮರದ ಸಂತರು, ದಂತದ ಮೂರ್ತಿಗಳು, ಪೂಜೆಯ ಬಟ್ಟಲುಗಳು. ಒಂದು ಕಾಲಕ್ಕೆ ಇವುಗಳ ಮುಂದೆ ಮೊಣಕಾಲೂರಿದವರು ಎಷ್ಟೋ ಜನ. ಈಗ ನಾವು ಕೈಕಟ್ಟಿ ನಿಂತು ನೋಡುತ್ತೇವೆ. ಹರಕೆ ಹೊತ್ತವರು ಹೋದರು, ಮೂರ್ತಿ ಇದೆ. ಅದರ ಮರವೂ ಒಂದು ದಿನ ಹೋಗುವುದೇ.

ಅಲ್ಲಿಂದ ಆರೇ ಕಾಲೊನಿಯೊಳಗಿನ ದಾರಿ ಹಿಡಿದು ಮರೋಳ್ ಕಡೆ ಇಳಿದರೆ ಸೀಪ್ಜ್ ಸಿಗುತ್ತದೆ. 1973ರಲ್ಲಿ ಸ್ಥಾಪನೆಯಾದ ರಫ್ತು ವಲಯ, ಒಳಗೆಲ್ಲ ಆಭರಣದ ಕಾರ್ಖಾನೆಗಳು, ಸಾಫ್ಟ್‌ವೇರ್ ಕಂಪನಿಗಳು. ಆ ಕಟ್ಟಡಗಳ ನಡುವೆ ಸ್ನಾನಿಕ ಯೊವಾನ್ನನ ಹೆಸರಿನ ಇಗರ್ಜಿಯ ಗೋಡೆಗಳು ನಿಂತಿವೆ. ಯೇಸುಸಭೆಯವರು 1579ರಲ್ಲಿ ಕಟ್ಟಿದ್ದು. 1840ರಲ್ಲಿ ಸುತ್ತಮುತ್ತ ಸಾಂಕ್ರಾಮಿಕ ರೋಗ ಹರಡಿದಾಗ ಜನ ಅದನ್ನು ಬಿಟ್ಟು ಮರೋಳಕ್ಕೆ ಹೋದರು. ಮಾಡು ಇಲ್ಲ, ಕಲ್ಲಿನ ಸಂದಿಯಲ್ಲಿ ಬೇರು ಇಳಿದಿದೆ. ವರ್ಷಕ್ಕೊಮ್ಮೆ ಅಲ್ಲಿ ಪೂಜೆ ನಡೆಯುವ ವಾಡಿಕೆ ಬೆಳೆದಿದೆ. ದೇವಾಲಯ ಬಿದ್ದರೆ ದೇವರು ಬಿದ್ದ ಹಾಗಲ್ಲ ಎಂದು ನೂರು ಸಲ ಹೇಳುವುದಕ್ಕಿಂತ ಮಕ್ಕಳನ್ನು ಆ ಗೋಡೆಗಳ ಮುಂದೆ ಒಮ್ಮೆ ನಿಲ್ಲಿಸುವುದು ಮೇಲು.

ಆದರೆ ಅನಿತ್ಯದ ಅತ್ಯಂತ ದೊಡ್ಡ ಪಾಠ ಇರುವುದು ಅತ್ಯಂತ ಚಿಕ್ಕ ವಸ್ತುವಿನಲ್ಲಿ. ಮೊದಲ ಪರಮಪ್ರಸಾದಕ್ಕೆ ಮುಂಚೆ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತೇವೆ, ಮಂತ್ರಿಸದ ಒಸ್ತಿಯಿಂದ, ಅಂದರೆ ಪೂಜೆಯ ತೆಳು ರೊಟ್ಟಿಯ ಬಿಲ್ಲೆಯಿಂದ. ಗೋಧಿಹಿಟ್ಟು, ನೀರು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಎಡಗೈಯ ಕೆಳಗೆ ಬಲಗೈ ಇಟ್ಟು ಸ್ವೀಕರಿಸಬೇಕು, ಬಲಗೈಯಿಂದ ಎತ್ತಿ ಬಾಯಿಗಿಟ್ಟುಕೊಳ್ಳಬೇಕು. ಮೊದಲ ಸಲ ಅದು ಅಂಗುಳಕ್ಕೆ ಅಂಟಿಕೊಂಡು ಬಿಡುತ್ತದೆ. ಮಕ್ಕಳು ನಾಲಗೆಯಿಂದ ಬಿಡಿಸಲು ನೋಡುತ್ತ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಂದೆರಡು ನಿಮಿಷದಲ್ಲಿ ಕರಗಿ ಹೋಗುತ್ತದೆ. ಆಮೇಲೆ ತಪ್ಪದೆ ಬರುವ ಪ್ರಶ್ನೆ: ಯೇಸು ನಮ್ಮೊಳಗೆ ಎಷ್ಟು ಹೊತ್ತು ಇರುತ್ತಾರೆ?

1992ರ ಕಥೊಲಿಕ ಧರ್ಮೋಪದೇಶ ಗ್ರಂಥದಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ಪೂಜೆಯಲ್ಲಿ ಪವಿತ್ರೀಕರಣವಾದ ಕ್ಷಣದಿಂದ, ರೊಟ್ಟಿ ದ್ರಾಕ್ಷಾರಸಗಳ ರೂಪ ಇರುವಷ್ಟು ಕಾಲ ಕ್ರಿಸ್ತರ ಆ ಸಾನ್ನಿಧ್ಯ ಇರುತ್ತದೆ. ರೂಪ ಹೋದರೆ ಆ ಬಗೆಯ ಸಾನ್ನಿಧ್ಯವೂ ಇಲ್ಲ, ಕೃಪೆ ಉಳಿಯುತ್ತದೆ. ಮೊದಲು ಓದಿದಾಗ ನಾನು ಇದನ್ನು ಒಂದು ನಿಯಮವೆಂಬಂತೆ ಓದಿ ಮುಂದೆ ಹೋಗಿದ್ದೆ. ಈಗ ಅದರ ಮುಂದೆ ನಿಂತುಬಿಡುತ್ತೇನೆ. ಆದಿ ಅಂತ್ಯ ಇಲ್ಲದವನೆಂದು ನಾವು ನಂಬುವವನು ಒಂದು ಚೂರು ಹಿಟ್ಟಿನ ಆಯುಸ್ಸನ್ನು ತನ್ನದಾಗಿ ಮಾಡಿಕೊಳ್ಳುತ್ತಾನೆ. ಚಿನ್ನವನ್ನು ಆರಿಸಿಕೊಳ್ಳಲಿಲ್ಲ, ಕಲ್ಲನ್ನೂ ಅಲ್ಲ. ನಮಗೆ ಕರಗುವುದರ ಭಯ. ಅವನು ಬರುವುದೇ ಕರಗುವುದರಲ್ಲಿ. ಅನಿತ್ಯವನ್ನು ದಾಟಿ ನಿತ್ಯಕ್ಕೆ ಹೋಗಬೇಕೆಂದು ಎಷ್ಟೋ ದರ್ಶನಗಳು ಹೇಳುತ್ತವೆ, ಅವುಗಳ ಬಗ್ಗೆ ನನಗೆ ಗೌರವವಿದೆ. ನಾನು ಮಕ್ಕಳಿಗೆ ಕಲಿಸುವ ಧರ್ಮದಲ್ಲಿ ದಾಟಿ ಬರುವವನು ದೇವರು, ಆಚೆಯಿಂದ ಈಚೆಗೆ.

ಭಾಷೆಯ ವಿಷಯದಲ್ಲಿ ಮಾತ್ರ ನನಗೆ ಇಷ್ಟು ಸಮಾಧಾನ ಸಾಧ್ಯವಾಗಿಲ್ಲ. ಮಂಗಳೂರು, ಉಡುಪಿ ಕಡೆಯಿಂದ ಇಲ್ಲಿಗೆ ಬಂದ ನಮ್ಮ ಹಿರಿಯರು ಕೊಂಕಣಿಯಲ್ಲಿ ಪ್ರಾರ್ಥಿಸಿದರು, ಅದನ್ನು ಕನ್ನಡ ಅಕ್ಷರದಲ್ಲಿ ಓದಿದರು. 1938ರಲ್ಲಿ ಮಂಗಳೂರಲ್ಲಿ ಶುರುವಾದ ‘ರಾಕ್ಣೊ’ ಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು. ಮುಂದೆ ಮುಂಬಯಿಯಿಂದಲೇ ‘ದಿವೊ’ ಹೊರಟಿತು. ರಾತ್ರಿ ತೇರ್ಸ್ (ಜಪಮಾಲೆ) ಮುಗಿದ ಮೇಲೆ ಮಕ್ಕಳು ಸಾಲಾಗಿ ಹಿರಿಯರ ಮುಂದೆ ಬಂದು ಬೆಸಾಂವ್ (ಆಶೀರ್ವಾದ) ಕೇಳುವುದಿತ್ತು, ತಲೆಯ ಮೇಲೆ ಒಂದು ಕೈ ಬೀಳುವುದಿತ್ತು. ಇಂದು ನನ್ನ ಕ್ಲಾಸು ಇಂಗ್ಲಿಷಿನಲ್ಲಿ ನಡೆಯುತ್ತದೆ. ಅಜ್ಜಿಯ ಪ್ರಾರ್ಥನೆಯ ಪುಸ್ತಕವನ್ನು ಮೊಮ್ಮಗ ತೆರೆದರೆ ಅದು ಅವನಿಗೆ ಬರೀ ದುಂಡು ದುಂಡಗಿನ ಗೆರೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರವೇ ಲತೀನ್ ಹೋಗಿ ಪೂಜೆಗೆ ನಮ್ಮ ನಮ್ಮ ಭಾಷೆಗಳು ಬಂದದ್ದು. ಆಗ ಲತೀನಿನಲ್ಲೇ ಮುಳುಗಿ ಬೆಳೆದವರು ಅತ್ತಿರಲೂಬಹುದು. ಯೇಸು ಆಡಿದ್ದು ಆರಮಾಯಿಕ್, ಶುಭಸಂದೇಶಗಳು ನಮಗೆ ಉಳಿದಿರುವುದು ಗ್ರೀಕಿನಲ್ಲಿ. ಅವರ ಸ್ವಂತ ಮಾತುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಮೂಲದ ದನಿಯಲ್ಲಿ ನಮ್ಮ ತನಕ ಬಂದಿವೆ. ದೇವರ ಮಾತೇ ತನ್ನ ಮೊದಲ ಭಾಷೆಯನ್ನು ಬಿಟ್ಟು ನಡೆದಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಆ ಪುಸ್ತಕವನ್ನು ಮುಚ್ಚಿಡುವಾಗ ಎದೆ ಭಾರವಾಗುತ್ತದೆ, ಆ ಭಾರವನ್ನು ಮುಚ್ಚಿಡುವುದಿಲ್ಲ.

ದೇವರ ಕೃಪೆಯ ಗುರುತುಗಳಾದ ಸಂಸ್ಕಾರಗಳು ಏಳು. ಅವೂ ಈ ಯಾತ್ರೆ ಮುಗಿಯುವ ತನಕ ಮಾತ್ರ. ದೇವರನ್ನು ಮುಖಾಮುಖಿ ಕಾಣುವಲ್ಲಿ ಗುರುತುಗಳ ಅಗತ್ಯವಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ, ಪ್ರವಾದನೆ, ಭಾಷೆಗಳು, ಜ್ಞಾನ ಎಲ್ಲ ನಿಂತುಹೋಗುವುವು ಎಂದು ಲೆಕ್ಕ ಕೊಡುತ್ತ ಹೋಗುತ್ತಾನೆ. ವಿಶ್ವಾಸ, ನಿರೀಕ್ಷೆ, ಪ್ರೀತಿ ಮೂರರಲ್ಲಿ ಅವನು ದೊಡ್ಡದೆನ್ನುವುದು ಪ್ರೀತಿಯನ್ನು. ಕಂಡ ಮೇಲೆ ನಂಬಬೇಕಾದ್ದೇನಿದೆ, ಸಿಕ್ಕ ಮೇಲೆ ನಿರೀಕ್ಷಿಸಬೇಕಾದ್ದೇನಿದೆ? ಒಂದು ಧರ್ಮ ತನ್ನ ಮಕ್ಕಳಿಗೆ ತನ್ನ ಗುರುತುಗಳೂ ಒಂದು ದಿನ ಬೇಡವಾಗುವುವು ಎಂದು ಹೇಳಿಕೊಡುತ್ತದೆ. ಆ ಪ್ರಾಮಾಣಿಕತೆಯಿಂದಲೇ ಅದು ನನ್ನನ್ನು ಹಿಡಿದು ನಿಲ್ಲಿಸಿದೆ.

ಪುನರುತ್ಥಾನಗೊಂಡ ಯೇಸುವಿನ ಮೈಯಲ್ಲಿ ಗಾಯಗಳಿದ್ದವು. ತೋಮ ಕೇಳಿದ್ದು ಅವನ್ನೇ, ಅವರು ತೋರಿಸಿದ್ದೂ ಅವನ್ನೇ. ಸಾವನ್ನು ಗೆದ್ದ ದೇಹಕ್ಕೆ ಮೊಳೆಯ ಗುರುತು ಅಳಿಸಿಕೊಳ್ಳುವುದು ಕಷ್ಟವಿತ್ತೇ? ಅಂದರೆ ನಿತ್ಯವೆಂಬುದು ನಡೆದದ್ದನ್ನೆಲ್ಲ ಒರೆಸಿ ಹೊಸದಾಗಿ ಶುರುವಾಗುವಂಥದ್ದಲ್ಲ. ಒಬ್ಬರಿಗಾಗಿ ಇನ್ನೊಬ್ಬರು ಪಟ್ಟ ಪಾಡು ಅಲ್ಲಿಗೂ ಬರುತ್ತದೆ, ಮೈಯ ಮೇಲೆ.

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಕೊನೆಯ ತೀರ್ಪಿನ ಚಿತ್ರವಿದೆ. ಹಸಿದವನಿಗೆ ಉಣಿಸಿದ್ದು, ಬಾಯಾರಿದವನಿಗೆ ನೀರು ಕೊಟ್ಟದ್ದು, ಕಾಯಿಲೆಯವನನ್ನು ನೋಡಹೋದದ್ದು ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಸಜ್ಜನರಿಗೆ ಅದು ನೆನಪೇ ಇಲ್ಲ. ನಿನ್ನನ್ನು ಎಂದು ಕಂಡೆವು, ಎಂದು ಉಣಿಸಿದೆವು ಎಂದು ಅವರೇ ಬೆರಗಾಗಿ ಕೇಳುತ್ತಾರೆ. ಮಾಡಿದವರೇ ಮರೆತದ್ದು ಅಲ್ಲಿ ಉಳಿದಿರುತ್ತದೆ. ಈ ವರ್ಷ ನನ್ನ ಕ್ಲಾಸಿನಲ್ಲಿ ಅದೇ ಮೊದಲ ಪಾಠ. 73 ಗ್ರಂಥಗಳ ಹೆಸರು, ಹತ್ತು ಆಜ್ಞೆ ಆಮೇಲೆ. ಪಾಠ ಮುಗಿದ ಮೇಲೆ ದೊಡ್ಡ ಮಕ್ಕಳು ಇಬ್ಬಿಬ್ಬರಾಗಿ, ಲಿಫ್ಟಿಲ್ಲದ ಹಳೆಯ ಬಿಲ್ಡಿಂಗುಗಳಲ್ಲಿ ಮೂರು ನಾಲ್ಕನೇ ಮಹಡಿಯಿಂದ ಇಳಿಯಲಾಗದ ಮುದುಕರ ಮನೆಗೆ ಹೋಗುತ್ತಾರೆ. ಔಷಧಿ ತಂದುಕೊಡುತ್ತಾರೆ, ಅಂದಿನ ವಾಚನ ಓದಿ ಹೇಳುತ್ತಾರೆ. ಒಂದು ಮನೆಯಲ್ಲಿ ಕೊಂಕಣಿಯಲ್ಲೇ ಓದು ಎಂದರಂತೆ. ಹುಡುಗ ಫೋನಿನಲ್ಲಿ ರೋಮನ್ ಅಕ್ಷರದ ಪಾಠ ಹುಡುಕಿ ತಡವರಿಸುತ್ತ ಓದಿದ, ಅವರು ಒಂದೊಂದು ಮಾತನ್ನೂ ತಿದ್ದಿದರು. ಮುಂದಿನ ವಾರವೂ ತಾನೇ ಹೋಗುತ್ತೇನೆ ಎಂದು ಹೆಸರು ಬರೆಸಿದ್ದಾನೆ.