ಮೂಲವೂ ವ್ಯಾಖ್ಯಾನವೂ

ಪ್ರಜೆಯಾದವನಿಗೆ ರಾಜ್ಯದ ಕಾನೂನು ತಿಳಿದೇ ಇರುವುದೆಂದು ಎಣಿಸಿಕೊಂಡು ನ್ಯಾಯಾಸ್ಥಾನವು ನಡೆಯುತ್ತದೆ. ‘ನನಗೆ ಗೊತ್ತಿರಲಿಲ್ಲ’ ಎಂಬ ಉತ್ತರವು ಅಲ್ಲಿ ಸಲ್ಲದು. ಈ ಎಣಿಕೆಯು ನಿಜವಲ್ಲವೆಂಬುದನ್ನು ನ್ಯಾಯಾಧೀಶನೂ ಬಲ್ಲನು, ವಕೀಲನೂ ಬಲ್ಲನು; ಆದರೂ ಅದನ್ನು ಕೈಬಿಟ್ಟರೆ ಯಾವ ಶಾಸನವೂ ನಿಲ್ಲಲಾರದಾದುದರಿಂದ ಎಲ್ಲರೂ ಅದನ್ನು ಒಪ್ಪಿ ನಡೆಯುತ್ತಾರೆ. ಹೀಗೆ ನಿಜವಲ್ಲದ ಒಂದು ಮಾತನ್ನು ಲೋಕದ ನಡೆವಳಿಕೆಗಾಗಿ ಒಪ್ಪಿಕೊಂಡ ಮೇಲೆ ಅದರ ಭಾರವನ್ನು ಹೊರತಕ್ಕವರು ಯಾರು? ಓದು ಸಾಲದವನೂ ಹಣವಿಲ್ಲದವನೂ ತಾನೊಬ್ಬನೇ ಹೊರಬೇಕೋ, ಅಥವಾ ಕಾನೂನನ್ನು ಮಾಡಿದವರಿಗೂ ಅದನ್ನು ಬಲ್ಲವರಿಗೂ ಅದರಲ್ಲಿ ಪಾಲುಂಟೋ? ಪ್ರಶ್ನೆಯು ಹಳೆಯದೇ ಸರಿ. ಅಮೆರಿಕದ ಒಂದು ಸಾರ್ವಜನಿಕ ಪುಸ್ತಕಾಲಯದಲ್ಲಿ ಕಂಡುಬಂದ ಒಂದು ಏರ್ಪಾಡನ್ನು ನೋಡಿದರೆ ಅದು ಹೊಸದಾಗಿ ಎದುರು ಬಂದು ನಿಲ್ಲುತ್ತದೆ.

ಮೇರಿಲೆಂಡ್ ಸಂಸ್ಥಾನದ ಬಾಲ್ಟಿಮೋರ್ ನಗರದಲ್ಲಿ ಈನಕ್ ಪ್ರ್ಯಾಟ್ ಎಂಬ ವರ್ತಕನು 1882ರಲ್ಲಿ ಹತ್ತು ಲಕ್ಷ ಡಾಲರುಗಳಿಗೂ ಮಿಕ್ಕ ಹಣವನ್ನು ಕೊಟ್ಟು, ಬಡವ ಬಲ್ಲಿದರೆಂಬ ಭೇದವಾಗಲಿ ವರ್ಣಭೇದವಾಗಲಿ ಇಲ್ಲದೆ ಎಲ್ಲರಿಗೂ ತೆರೆದಿರತಕ್ಕ ಪುಸ್ತಕಾಲಯವೊಂದನ್ನು ಸ್ಥಾಪಿಸಿದನು. 1886ರಲ್ಲಿ ಅದರ ಬಾಗಿಲು ತೆರೆಯಿತು. ದಾತೃವಿನ ಮಾತು ಅಷ್ಟು ಸ್ಪಷ್ಟವಾಗಿದ್ದರೂ, ಪುಸ್ತಕಾಲಯದ ಕೆಲಸವನ್ನು ಕಲಿಸುವ ತರಗತಿಗೆ ಕಪ್ಪು ಜನಾಂಗದ ಒಬ್ಬ ಯುವತಿಯನ್ನು ಸೇರಿಸದೆ ಹೋದುದು ತಪ್ಪೆಂದು 1945ರಲ್ಲಿ ಅಪೀಲು ನ್ಯಾಯಾಸ್ಥಾನವೇ ಹೇಳಬೇಕಾಯಿತು. ಪುಸ್ತಕಗಳ ನಡುವೆ ಕುಳಿತವರಿಗೂ ಕೆಲವು ಪಾಠಗಳು ಹೊರಗಿನಿಂದಲೇ ಬರಬೇಕಾಗುತ್ತವೆ. ಆ ಪುಸ್ತಕಾಲಯದ ಒಂದು ಶಾಖೆಯು ಪೆನ್ಸಿಲ್ವೇನಿಯಾ ಅವೆನ್ಯೂ ಎಂಬ ಬೀದಿಯಲ್ಲಿದೆ. ಪೊಲೀಸರ ವಶದಲ್ಲಿದ್ದಾಗ ಪೆಟ್ಟಾಗಿ ಒಬ್ಬ ತರುಣನು ಸತ್ತುದರಿಂದ 2015ರ ಏಪ್ರಿಲಿನಲ್ಲಿ ನಗರದಲ್ಲಿ ದೊಡ್ಡ ಗಲಭೆಯುಂಟಾಗಿ, ಆ ಬೀದಿಯ ಸುತ್ತಲೇ ಅಂಗಡಿಗಳು ಸುಟ್ಟುಹೋದುವು. ಮರುದಿನ ಆ ಶಾಖೆಯು ಎಂದಿನಂತೆ ಬಾಗಿಲು ತೆರೆಯಿತು. ಅದೇ ವರ್ಷ, ಬಡವರಿಗೆ ಕಾನೂನಿನ ನೆರವನ್ನು ಕೊಡುವ ಸಂಘವೊಂದರ ವಕೀಲರು ಗೊತ್ತಾದ ದಿನಗಳಲ್ಲಿ ಅಲ್ಲಿಗೆ ಬಂದು ಒಂದು ಮೇಜಿನ ಮುಂದೆ ಕುಳಿತುಕೊಳ್ಳುವುದಕ್ಕೆ ಮೊದಲುಮಾಡಿದರು. ಶುಲ್ಕವಿಲ್ಲದೆ ಸ್ವಂತ ಇಚ್ಛೆಯಿಂದ ಬರುವ ವಕೀಲರನ್ನು ಪುಸ್ತಕಾಲಯಗಳಲ್ಲಿ ಕೂರಿಸುವ ಇಂತಹ ಏರ್ಪಾಡುಗಳು ಆ ದೇಶದ ಬೇರೆ ಊರುಗಳಲ್ಲಿಯೂ ಇವೆ.

ಅವರ ಬಳಿಗೆ ಬರುವ ಸಂಗತಿಗಳು ದೊಡ್ಡವಲ್ಲ. ಬಾಡಿಗೆ ಬಾಕಿಯಾಗಿ ಮನೆ ಬಿಡಿಸುವ ನೋಟೀಸು, ಸಾಲಗಾರನ ಕಾಟ, ಮಗುವಿನ ಪೋಷಣೆಯ ತಕರಾರು. ಇವೆಲ್ಲಕ್ಕಿಂತ ವಿಚಿತ್ರವಾದುದು ಇನ್ನೊಂದುಂಟು. ಒಬ್ಬನನ್ನು ಎಂದೋ ಪೊಲೀಸರು ಹಿಡಿದಿರುತ್ತಾರೆ. ಆಪಾದನೆಯು ನಿಲ್ಲದೆ ಬಿಟ್ಟುಕಳುಹಿಸಿರುತ್ತಾರೆ. ಅಪರಾಧವಿಲ್ಲವೆಂದು ತೀರಿದ ಮೇಲೂ ಹಿಡಿದ ಸಂಗತಿಯು ದಾಖಲೆಯಲ್ಲಿ ಉಳಿದಿರುತ್ತದೆ. ಕೆಲಸ ಕೊಡತಕ್ಕವನು ಅದನ್ನು ನೋಡಿ ಬೇರೊಬ್ಬನನ್ನು ಆರಿಸಿಕೊಳ್ಳುತ್ತಾನೆ. ಅದನ್ನು ಅಳಿಸಬೇಕೆಂದು ನ್ಯಾಯಾಸ್ಥಾನಕ್ಕೆ ಅರ್ಜಿ ಕೊಡುವುದಕ್ಕೆ ಕಾನೂನಿನಲ್ಲಿ ದಾರಿಯಿದೆ. ಆದರೆ ದಾರಿಯಿದೆಯೆಂಬುದೇ ಅವನಿಗೆ ತಿಳಿಯದು. ನಿರಪರಾಧಿಯು ತನ್ನ ನಿರಪರಾಧದ ಫಲವನ್ನು ಪಡೆಯುವುದಕ್ಕೆ ಅರ್ಜಿ ಬರೆಯಬೇಕಾಗಿರುವುದು ಸೋಜಿಗವೇ. ಅರ್ಜಿ ಬರೆಯಲಾರದೆ ಅದನ್ನು ಕಳೆದುಕೊಳ್ಳುವುದು ಸೋಜಿಗವೆಂದು ಬಿಡತಕ್ಕದ್ದಲ್ಲ.

ಇಲ್ಲಿ ಪುಸ್ತಕಾಲಯಾಧಿಕಾರಿಯ ಮೌನವನ್ನು ವಿಚಾರಿಸಬೇಕು. ‘ಮುಂದಿನ ವಾರ ಮನೆ ಖಾಲಿ ಮಾಡಬೇಕಂತೆ, ಏನು ಮಾಡಲಿ?’ ಎಂದು ಒಬ್ಬಳು ಬಂದು ಕೇಳಿದರೆ ಅವನು ಕಾನೂನಿನ ಪುಸ್ತಕವನ್ನು ತೆಗೆದುಕೊಡಬಹುದು. ಅರ್ಜಿಯ ನಮೂನೆಗಳು ಎಲ್ಲಿವೆಯೆಂದು ತೋರಿಸಬಹುದು. ಈ ನಮೂನೆಗಳಲ್ಲಿ ನಿನಗೆ ಒಪ್ಪುವುದು ಇದೇ, ಇಲ್ಲಿ ಹೀಗೆಯೇ ಬರೆ ಎಂದು ಮಾತ್ರ ಹೇಳಕೂಡದು. ಹಾಗೆ ಹೇಳುವುದು ಕಾನೂನಿನ ಸಲಹೆಯಾಗುತ್ತದೆ. ಸನ್ನದಿಲ್ಲದವನು ಆ ಸಲಹೆಯನ್ನು ಕೊಡುವುದಕ್ಕೆ ಆ ದೇಶದ ಸಂಸ್ಥಾನಗಳಲ್ಲಿ ನಿಷೇಧವಿದೆ. ಮೂವತ್ತು ವರ್ಷ ಆ ಪುಸ್ತಕಗಳ ನಡುವೆಯೇ ಬಾಳಿದವನಾಗಿ, ಉತ್ತರವು ನಾಲಗೆಯ ತುದಿಯಲ್ಲಿದ್ದರೂ ಅವನು ಸುಮ್ಮನಿರಬೇಕು. ಮೂಲವನ್ನು ಕೊಡಬಹುದು, ವ್ಯಾಖ್ಯಾನವನ್ನು ಕೊಡಕೂಡದು.

ಮೂಲವೊಂದೇ ಇದ್ದರೆ ಆಗುವುದೇನು? ಸೂತ್ರಪಾಠವನ್ನು ಒಪ್ಪಿಸುವ ಬಾಲಕನನ್ನು ಕಂಡವರಿಗೆಲ್ಲ ಇದರ ಉತ್ತರ ಗೊತ್ತು. ಪಾಠವು ಬಾಯಲ್ಲಿದ್ದರೂ ಪ್ರಯೋಗವು ಕೈಗೆ ಹತ್ತಿರುವುದಿಲ್ಲ. ಧರ್ಮಶಾಸ್ತ್ರದಲ್ಲಿ ಇದಕ್ಕೆ ಕನ್ನಡನಾಡಿನದೇ ಆದ ದೊಡ್ಡ ನಿದರ್ಶನವಿದೆ. ಯಾಜ್ಞವಲ್ಕ್ಯರ ಸ್ಮೃತಿಯು ಹತ್ತಿರಹತ್ತಿರ ಸಾವಿರ ಶ್ಲೋಕಗಳ ಗ್ರಂಥ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಅದಕ್ಕೆ ಮಿತಾಕ್ಷರಾ ಎಂಬ ಟೀಕೆಯನ್ನು ಬರೆದನು. ಮುಂದೆ ಏಳೆಂಟು ಶತಮಾನಗಳು ಕಳೆದು ಇಂಗ್ಲಿಷರ ನ್ಯಾಯಾಸ್ಥಾನಗಳು ದಾಯಭಾಗದ ವ್ಯಾಜ್ಯಗಳನ್ನು ತೀರ್ಮಾನಿಸಲು ಕುಳಿತಾಗ, ಬಂಗಾಳವೇ ಮೊದಲಾದ ಪ್ರಾಂತಗಳನ್ನು ಬಿಟ್ಟರೆ ದೇಶದ ಬಹುಭಾಗಕ್ಕೆ ಪ್ರಮಾಣವಾದುದು ಆ ಟೀಕೆ. ಅಣ್ಣತಮ್ಮಂದಿರಿಗೆ ಗದ್ದೆ ಹಂಚಿಕೊಟ್ಟದ್ದು ಯಾಜ್ಞವಲ್ಕ್ಯನೆಂದು ಹೇಳುವುದು ವಾಡಿಕೆ; ಹಂಚಿದವನು ವಿಜ್ಞಾನೇಶ್ವರನು. ವ್ಯಾಖ್ಯಾನವನ್ನು ಬಿಟ್ಟು ಮೂಲವನ್ನು ಮಾತ್ರ ಎಲ್ಲರಿಗೂ ತೆರೆದಿಟ್ಟಿದ್ದೇವೆಂದು ಹೇಳುವ ರಾಜ್ಯವು ಪೂರ್ತಿಯಾಗಿ ತೆರೆದಿಟ್ಟಂತಾಗಲಿಲ್ಲ.

ಇನ್ನು ಆ ಮೇಜಿನ ಮುಂದೆ ಕುಳಿತ ವಕೀಲನು ಮಾಡುತ್ತಿರುವುದು ದಾನವೋ, ಋಣವನ್ನು ತೀರಿಸುವುದೋ?

ದಾನವೆನ್ನುವವರ ವಾದವು ಸುಲಭವಾಗಿ ತಿಳಿಯುತ್ತದೆ. ವಕೀಲನು ವರ್ಷಗಟ್ಟಲೆ ಓದಿ, ಸಾಲಮಾಡಿ, ವಿದ್ಯೆಯನ್ನು ಸಂಪಾದಿಸಿದವನು; ಅದೇ ಅವನ ಜೀವನೋಪಾಯ. ಅಕ್ಕಿಯ ವರ್ತಕನು ಹಸಿದವರಿಗೆಲ್ಲ ಬಿಟ್ಟಿಯಾಗಿ ಅಳೆದುಕೊಡಬೇಕೆಂದು ಯಾರೂ ಕಟ್ಟುಮಾಡುವುದಿಲ್ಲ. ಕೊಟ್ಟರೆ ಪುಣ್ಯ, ಕೊಡದಿದ್ದರೆ ದೋಷವಿಲ್ಲ. ಹಾಗೆಯೇ ಇದು. ವಿದ್ಯೆಗೆ ಬೆಲೆ ಕಟ್ಟಬಾರದೆಂಬ ಪುರಾತನರ ವಿಧಿಯನ್ನು ಹಿಡಿದು ಇವರನ್ನು ಖಂಡಿಸುವುದು ಸುಲಭವಲ್ಲ. ಸಂಬಳಕ್ಕೆ ಪಾಠ ಹೇಳುವವನನ್ನು ಭೃತಕಾಧ್ಯಾಪಕನೆಂದು ಕರೆದು ಮನುಸ್ಮೃತಿಯು ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟಿತು. ಆದರೂ ಇಂದು ಮಕ್ಕಳಿಗೆ ಅಕ್ಷರ ಬಂದಿರುವುದು ಭೃತಕಾಧ್ಯಾಪಕರಿಂದಲೇ. ರೋಮಿನಲ್ಲಿ ಕ್ರಿ.ಪೂ. 204ರ ಶಾಸನವೊಂದು, ವಾದಿಸಿದ್ದಕ್ಕಾಗಿ ಯಾರೂ ದ್ರವ್ಯವನ್ನಾಗಲಿ ಕಾಣಿಕೆಯನ್ನಾಗಲಿ ತೆಗೆದುಕೊಳ್ಳಕೂಡದೆಂದು ವಿಧಿಸಿತ್ತು. ವಿಧಿಯು ನಿಂತಿತು, ಕಾಣಿಕೆಗಳೂ ನಿಲ್ಲದೆ ನಡೆದುವು, ಕಡೆಗೆ ಕ್ರಿ.ಶ. 47ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯು ಹತ್ತು ಸಾವಿರ ನಾಣ್ಯಗಳವರೆಗೆ ಪಡೆಯಬಹುದೆಂದು ಮಿತಿಯನ್ನಿಟ್ಟು ಒಪ್ಪಿಕೊಳ್ಳಬೇಕಾಯಿತು. ಹೊಟ್ಟೆಯನ್ನು ಮರೆತ ಧರ್ಮವಿಧಿಗೆ ಬಾಳಿಕೆಯಿಲ್ಲ.

ಆದರೆ ಅಕ್ಕಿಯ ವರ್ತಕನ ದೃಷ್ಟಾಂತದಲ್ಲಿ ಒಂದು ಕೊರತೆಯಿದೆ. ವರ್ತಕನು ಇತರರು ಭತ್ತ ಬೆಳೆಯಬಾರದೆಂದು ಹೇಳುವುದಿಲ್ಲ. ನೆರೆಮನೆಯವಳು ಒಂದು ಸೇರು ಕೊಟ್ಟರೆ ಅವಳನ್ನು ಶಿಕ್ಷೆಗೆ ಗುರಿಮಾಡುವುದಿಲ್ಲ. ವಕೀಲನ ವೃತ್ತಿಗೆ ಅಂತಹ ಬೇಲಿಯುಂಟು. ಉತ್ತರ ಬಲ್ಲ ಪುಸ್ತಕಾಲಯಾಧಿಕಾರಿಯು ಬಾಯಿ ಮುಚ್ಚಿಕೊಂಡಿರುವುದು ಆ ಬೇಲಿಯಿಂದಲೇ. ಅರೆಕಲಿತವರ ಸಲಹೆಯಿಂದ ಜನರು ಕೆಡದಿರಲೆಂದು ಬೇಲಿ ಹಾಕಿದೆಯೆಂದು ಹೇಳುವರು. ಒಪ್ಪತಕ್ಕ ಮಾತು. ಮಕ್ಕಳು ಬೀಳದಿರಲೆಂದು ಊರಬಾವಿಗೆ ಬಾಗಿಲಿಟ್ಟು ಬೀಗ ಹಾಕುವುದು ವಿವೇಕವೇ. ಆದರೆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವನು, ಬಾಯಾರಿ ಬಂದವನಿಗೆ ಒಂದು ಕೊಡ ಸೇದಿಕೊಟ್ಟು ಅದನ್ನು ದಾನವೆಂದು ಬರೆದಿಟ್ಟುಕೊಳ್ಳಬಾರದು. ವೈದ್ಯನಿಗೂ ಈ ಮಾತು ಅನ್ವಯಿಸುತ್ತದೆ. ಅದು ಬೇರೆ ಪ್ರಸಂಗ.

ಹಾಗಾದರೆ ಇದು ಋಣ. ಯಾರ ಋಣ? ಬೇಲಿಯಿಂದ ಲಾಭ ಪಡೆಯುವ ವೃತ್ತಿಯವರೆಲ್ಲರದು, ಬೇಲಿಯನ್ನು ಹಾಕಿಕೊಟ್ಟ ರಾಜ್ಯದ್ದು. ಅಮೆರಿಕದ ವಕೀಲರ ಮಹಾಸಂಘವು ತನ್ನ ಮಾದರಿ ನಿಯಮಗಳಲ್ಲಿ, ಪ್ರತಿಯೊಬ್ಬ ವಕೀಲನೂ ವರ್ಷಕ್ಕೆ 50 ಗಂಟೆಗಳಾದರೂ ಇಂತಹ ಕೆಲಸಕ್ಕೆ ಕೊಡಬೇಕೆಂದು ಆಶಿಸುತ್ತದೆ, ಆಜ್ಞಾಪಿಸುವುದಿಲ್ಲ. ಆದಕಾರಣ ಮನಸ್ಸಿದ್ದವನು ಬರುತ್ತಾನೆ, ಇಲ್ಲದವನು ಬರುವುದಿಲ್ಲ. ಬಂದವನು ತನ್ನ ಪಾಲಿನ ಋಣವನ್ನು ತೀರಿಸಿ, ಬಾರದವರ ಪಾಲನ್ನೂ ತೀರಿಸುತ್ತಾನೆ. ತನ್ನ ಪಾಲನ್ನು ಮೀರಿದ ಆ ಭಾಗಕ್ಕೆ ದಾನವೆಂಬ ಹೆಸರು ನ್ಯಾಯವಾಗಿ ಸಲ್ಲುತ್ತದೆ. ಆದರೆ ಅದನ್ನು ಪಡೆದವರು ಅವನ ಸಹೋದ್ಯೋಗಿಗಳು, ಮೇಜಿನ ಈಚೆ ಕುಳಿತ ಬಡವಳಲ್ಲ.

ಈ ವಿವೇಚನೆಯು ಪಂಡಿತರ ಕೂದಲು ಸೀಳುವ ಆಟವೆಂದು ತೋರಬಹುದು. ಸಹಾಯವನ್ನು ಪಡೆಯುವವರ ಕಡೆಯಿಂದ ನೋಡಿದರೆ ಹಾಗೆ ತೋರದು. ಪ್ರತಿಗ್ರಹದಿಂದ ತೇಜಸ್ಸು ಕುಂದುವುದೆಂದು ಧರ್ಮಶಾಸ್ತ್ರಕಾರರು ಹೇಳಿರುವುದು ಬ್ರಾಹ್ಮಣನನ್ನು ಕುರಿತಾದರೂ, ಕೈಯೊಡ್ಡಿದ ಮನುಷ್ಯರೆಲ್ಲರಿಗೂ ಅದರ ಅನುಭವವುಂಟು. ಹಿಂದೆ ಇಂಗ್ಲೆಂಡಿನಲ್ಲಿ ದರಿದ್ರನೆಂದು ಶುಲ್ಕವಿಲ್ಲದೆ ದಾವೆ ಹೂಡಬೇಕಾದವನು, ವ್ಯಾಜ್ಯದ ವಸ್ತುವನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟರೆ ತನಗೆ ಐದು ಪೌಂಡಿನ ಆಸ್ತಿಯೂ ಇಲ್ಲವೆಂದು ಪ್ರಮಾಣಮಾಡಬೇಕಾಗಿತ್ತು. ನ್ಯಾಯವನ್ನು ಕೇಳುವ ಮೊದಲು ಮಾನವನ್ನು ಒತ್ತೆಯಿಡಬೇಕೆಂದು ಇದರ ಅರ್ಥ. ಪುಸ್ತಕಾಲಯದ ಬಾಗಿಲಿಗೆ ಅಂತಹ ಪ್ರಮಾಣವಿಲ್ಲ. ಅಲ್ಲಿಗೆ ಹುಡುಗರು ಬರುತ್ತಾರೆ, ಚಳಿ ಕಾಯಿಸಿಕೊಳ್ಳುವ ಮುದುಕರು ಬರುತ್ತಾರೆ, ವರ್ತಮಾನಪತ್ರಿಕೆಗಾಗಿ ಬರುವವರಿದ್ದಾರೆ. ಒಬ್ಬಳು ಒಳಗೆ ಹೋದಳೆಂದರೆ ಇವಳಿಗೇನೋ ಕಷ್ಟವೆಂದು ಬೀದಿಯವರು ಊಹಿಸುವುದಿಲ್ಲ. ಬಡವರ ಕಚೇರಿಯೆಂದು ಬೋರ್ಡು ಹಾಕಿದ ಮೆಟ್ಟಿಲನ್ನು ಹತ್ತುವುದಕ್ಕೂ ಇದಕ್ಕೂ ಅಂತರವಿದೆ. ವಕೀಲನು ತನ್ನ ಕಚೇರಿಯನ್ನು ಬಿಟ್ಟು ಅಲ್ಲಿಗೆ ಬಂದು ಕುಳಿತುದೇ ಅರ್ಧ ಉಪಕಾರವೆನ್ನಬೇಕು.

ಆದರೂ ಬಲವಾದ ಆಕ್ಷೇಪವೊಂದು ಉಳಿಯುತ್ತದೆ. ಅರ್ಧ ಗಂಟೆ ಮಾತನಾಡಿ ವಕೀಲನು ಎದ್ದುಹೋಗುತ್ತಾನೆ. ನಾಳೆ ನ್ಯಾಯಾಧೀಶನ ಮುಂದೆ ಅವಳು ಒಬ್ಬಳೇ ನಿಲ್ಲಬೇಕು. ಎದುರುಕಕ್ಷಿಯ ವಕೀಲನು ಅಲ್ಲಿಯೇ ಇರುತ್ತಾನೆ. ಈಜು ಬಾರದವನಿಗೆ ದಡದ ಮೇಲೆ ಅರ್ಧ ಗಂಟೆ ಪಾಠ ಹೇಳಿ ಹೊಳೆಗಿಳಿಸಿದರೆ ಏನು ಸಾರ್ಥಕ? ಇದಕ್ಕೆ ಕ್ಲ್ಯಾರೆನ್ಸ್ ಗಿಡಿಯನ್ ಎಂಬವನ ವ್ಯಾಜ್ಯವನ್ನು ಉದಾಹರಿಸಬಹುದು. ಫ್ಲಾರಿಡಾ ಸಂಸ್ಥಾನದ ಪನಾಮಾ ಸಿಟಿಯಲ್ಲಿ ಬಿಲಿಯರ್ಡ್ಸ್ ಆಟದ ಮನೆಯೊಂದಕ್ಕೆ ಕನ್ನ ಹಾಕಿದನೆಂದು 1961ರಲ್ಲಿ ಅವನ ಮೇಲೆ ಆಪಾದನೆ ಬಂದಿತು. ಹಣವಿಲ್ಲದೆ ವಕೀಲನನ್ನು ಕೊಡಿರೆಂದು ಕೇಳಿದನು. ಅಂತಹ ಅಪರಾಧಕ್ಕೆ ಕೊಡುವ ಪದ್ಧತಿಯಿಲ್ಲವೆಂದರು. ತಾನೇ ಸಾಕ್ಷಿಗಳನ್ನು ಪ್ರಶ್ನಿಸಿದನು. ಐದು ವರ್ಷ ಶಿಕ್ಷೆಯಾಯಿತು. ಸೆರೆಮನೆಯಲ್ಲಿ ಸಿಕ್ಕ ಕಾನೂನಿನ ಪುಸ್ತಕಗಳನ್ನು ಓದಿ, ಸೀಸದ ಕಡ್ಡಿಯಿಂದ ಅರ್ಜಿ ಬರೆದು ಅಮೆರಿಕದ ಸರ್ವೋಚ್ಚ ನ್ಯಾಯಾಸ್ಥಾನಕ್ಕೆ ಕಳುಹಿಸಿದನು. 1963ರ ಮಾರ್ಚ್ 18ರಂದು ನ್ಯಾಯಾಧೀಶರೆಲ್ಲರೂ ಒಮ್ಮತದಿಂದ, ಗುರುತರವಾದ ಅಪರಾಧಕ್ಕೆ ಗುರಿಯಾದ ಬಡವನಿಗೆ ರಾಜ್ಯವು ವಕೀಲನನ್ನು ಒದಗಿಸಲೇಬೇಕೆಂದು ತೀರ್ಪು ಕೊಟ್ಟರು. ಅದೇ ಆಗಸ್ಟಿನಲ್ಲಿ ಮರುವಿಚಾರಣೆ ನಡೆಯಿತು. ಆಪಾದನೆ ಹಿಂದಿನದೇ, ಮುಖ್ಯ ಸಾಕ್ಷಿಯೂ ಹಿಂದಿನವನೇ. ಈ ಸಲ ವಕೀಲನೊಬ್ಬನಿದ್ದನು. ಗಿಡಿಯನ್ ಬಿಡುಗಡೆಯಾದನು.

ಪುಸ್ತಕವು ಅವನಿಗೆ ಬಾಗಿಲನ್ನು ತೋರಿಸಿತು; ಹೊರಗೆ ಕರೆತಂದವನು ವಕೀಲ. ಆ ತೀರ್ಪಿನ ಫಲವು ದಂಡಾಪರಾಧಗಳಿಗೆ ಮಾತ್ರ. ಮನೆ ಕಳೆದುಕೊಳ್ಳುವವಳಿಗೆ ಅದು ಸಲ್ಲದು. ಮಗುವನ್ನೇ ಕಳೆದುಕೊಳ್ಳುವ ತಾಯಿಗೂ ಎಲ್ಲ ಸಂದರ್ಭಗಳಲ್ಲಿ ಆ ಹಕ್ಕಿಲ್ಲವೆಂದು ಅದೇ ನ್ಯಾಯಾಸ್ಥಾನವು 1981ರಲ್ಲಿ ಹೇಳಿತು. ಹಾಗಿರುವಾಗ ಅರ್ಧ ಗಂಟೆಯ ಸಲಹೆಯು ಅರ್ಧವೇ ಸರಿ. ಆದರೂ ನಿಷ್ಫಲವಲ್ಲ: ದಾಖಲೆಯನ್ನು ಅಳಿಸುವ ಅರ್ಜಿಗೆ ಅಷ್ಟು ಸಾಕಾಗಬಹುದು, ನೋಟೀಸಿಗೆ ಹೆದರಿ ರಾತ್ರೋರಾತ್ರಿ ಗಂಟು ಕಟ್ಟಬೇಕೆಂದಿದ್ದವಳಿಗೆ, ವಿಚಾರಣೆಯಿಲ್ಲದೆ ಯಾರೂ ಹೊರಹಾಕಲಾರರೆಂಬ ಒಂದು ಮಾತೇ ದೊಡ್ಡದು. ದೋಷವಿರುವುದು ಆ ಅರ್ಧವನ್ನು ತೋರಿಸಿ ಉಳಿದರ್ಧವು ಬೇಡವೆನ್ನುವಲ್ಲಿ. ಮೇರಿಲೆಂಡ್ ಹಾಗೆನ್ನಲಿಲ್ಲವೆಂಬುದು ಸಮಾಧಾನದ ಸಂಗತಿ. ಮನೆ ಬಿಡಿಸುವ ವ್ಯಾಜ್ಯಗಳಲ್ಲಿ ಬಡ ಬಾಡಿಗೆದಾರರಿಗೆ ವಕೀಲರ ನೆರವು ದೊರೆಯಬೇಕೆಂದು 2021ರಲ್ಲಿ ಅಲ್ಲಿ ಶಾಸನವಾಯಿತು.

ರಾಜ್ಯವೇ ಎದ್ದು ಬರಬೇಕೆಂಬ ಭಾವನೆಯು ಭರತಖಂಡಕ್ಕೆ ಹೊಸದಲ್ಲ. ತಪಸ್ವಿಗಳು, ಸ್ತ್ರೀಯರು, ಬಾಲರು, ವೃದ್ಧರು, ರೋಗಿಗಳು, ಅನಾಥರು ಇವರು ಬಂದು ದೂರದಿದ್ದರೂ ಅವರ ಕಾರ್ಯಗಳನ್ನು ಧರ್ಮಸ್ಥರೇ ನೋಡತಕ್ಕದ್ದೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ಸ್ವತಂತ್ರ ಭಾರತದ ಸಂವಿಧಾನಕ್ಕೆ 1976ರಲ್ಲಿ ಸೇರಿದ 39ಎ ವಿಧಿಯು ಶುಲ್ಕವಿಲ್ಲದ ಕಾನೂನಿನ ನೆರವನ್ನು ರಾಜ್ಯದ ಕರ್ತವ್ಯವೆಂದಿತು. 1987ರ ಅಧಿನಿಯಮದ 12ನೆಯ ಪ್ರಕರಣವು ಯಾರು ಯಾರಿಗೆ ಆ ನೆರವು ಸಲ್ಲತಕ್ಕದ್ದೆಂದು ಹೇಳುತ್ತದೆ. ಸ್ತ್ರೀಯರು, ಮಕ್ಕಳು, ಅಂಗವಿಕಲರು, ಸೆರೆಯಲ್ಲಿರುವವರು ಎಂಬ ಆ ಪಟ್ಟಿಯನ್ನು ಓದಿದರೆ ಕೌಟಿಲ್ಯನ ನೆನಪಾಗದಿರದು. ಸ್ತ್ರೀಯಾದವಳಿಗೆ ಅಲ್ಲಿ ಆದಾಯದ ಮಿತಿಯೂ ಇಲ್ಲ. ಈ ಮಾತನ್ನು ಅರಿತ ಗೃಹಿಣಿಯರು ಎಷ್ಟು ಮಂದಿಯೆಂದು ವಾಚಕರು ತಮ್ಮ ತಮ್ಮ ಮನೆಗಳಲ್ಲಿಯೇ ವಿಚಾರಿಸಿ ನೋಡಬಹುದು.

ಆ ಅಧಿನಿಯಮವು ಬರುವುದಕ್ಕೆ ಒಂದು ವರ್ಷ ಮೊದಲು, 1986ರಲ್ಲಿ, ಅರುಣಾಚಲ ಪ್ರದೇಶದ ಸುಕ್ ದಾಸ್ ಎಂಬವನ ಅಪೀಲು ಭಾರತದ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು. ವಿಚಾರಣೆಯಲ್ಲಿ ಅವನಿಗೆ ವಕೀಲನಿರಲಿಲ್ಲ, ಶಿಕ್ಷೆಯಾಗಿತ್ತು. ಅವನು ವಕೀಲನನ್ನು ಕೇಳಿಯೇ ಇರಲಿಲ್ಲವೆಂದು ಸರಕಾರದ ಪಕ್ಷದವರು ವಾದಿಸಿದರು. ಕೇಳುವ ಹಕ್ಕಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಳ್ಳಿಗಳ ಬಹುಪಾಲು ಜನರಿಗೆ ತಮ್ಮ ಹಕ್ಕುಗಳ ಅರಿವೇ ಇಲ್ಲದಿರುವಾಗ, ಕೇಳಲಿಲ್ಲವೆಂಬ ಕಾರಣದಿಂದ ನೆರವನ್ನು ತಪ್ಪಿಸಲಾಗದೆಂದು ಹೇಳಿ ನ್ಯಾಯಾಲಯವು ಆ ಶಿಕ್ಷೆಯನ್ನು ರದ್ದುಮಾಡಿತು. ‘ನನಗೆ ಗೊತ್ತಿರಲಿಲ್ಲ’ ಎಂಬ ಉತ್ತರವು ಆ ಒಂದು ದಿನ ನ್ಯಾಯಾಸ್ಥಾನದಲ್ಲಿ ಸಂದಿತು.